ಮಿನೋವನ್ ಶಿಲಾಪಾತ್ರೆಗಳು: ಹೊರಗಿನ ಪ್ರಭಾವ ಮತ್ತು ಸ್ವಂತಿಕೆ

ಕ್ರೀಟ್ ದ್ವೀಪದ ಪ್ರಾಚೀನ ಮಿನೋವನ್ ಜನರು ಶಿಲಾಪಾತ್ರೆಗಳನ್ನು ಕಡೆಯುವ ವಿದ್ಯೆಯನ್ನು ಯಾರಿಂದ ಪಡೆದರು ಎಂಬ ಪ್ರಶ್ನೆ ಒಂದು ಶತಮಾನಕ್ಕೂ ಹಳೆಯದು. 1900ರಲ್ಲಿ ಕ್ನೋಸೊಸ್‌ನ ಉತ್ಖನನವನ್ನು ಆರಂಭಿಸಿದ ಆರ್ಥರ್ ಇವಾನ್ಸ್ ಈ ಕಲೆಯ ಹಿಂದೆ ಈಜಿಪ್ಟಿನ ಪ್ರೇರಣೆಯನ್ನು ಕಂಡರು. ಅದಕ್ಕೆ ಆಧಾರಗಳೂ ಇದ್ದವು. ಗಡಸು ಶಿಲೆಯನ್ನು ಕೊರೆದು ಪಾತ್ರೆ ಮಾಡುವ ಕಲೆ ಈಜಿಪ್ಟಿನಲ್ಲಿ ರಾಜವಂಶಗಳ ಉದಯಕ್ಕೂ ಮೊದಲೇ ಬೆಳೆದಿತ್ತು. ಅಲ್ಲಿಯ ಪಾತ್ರೆಗಳು ಕ್ನೋಸೊಸ್‌ನಲ್ಲಿ ದೊರೆತಿವೆ. ಹಿಕ್ಸೋಸ್ ದೊರೆ ಖಯಾನನ ಹೆಸರನ್ನು ಕೆತ್ತಿದ ಮುಚ್ಚಳವೊಂದು 1901ರಲ್ಲಿ ಅಲ್ಲಿಯೇ ಸಿಕ್ಕಿತು.

ಆದರೆ 1908ರಲ್ಲಿ ರಿಚರ್ಡ್ ಸೀಗರ್ ಮೊಖ್ಲೋಸ್‌ನ ಸಮಾಧಿಗಳಲ್ಲಿ ಶೋಧಿಸಿದ ಪಾತ್ರೆಗಳು ಬೇರೊಂದು ಚಿತ್ರವನ್ನು ಕೊಡುತ್ತವೆ. ಕ್ರಿ.ಪೂ. ಮೂರನೆಯ ಸಹಸ್ರಮಾನದ ಈ ಪಾತ್ರೆಗಳಲ್ಲಿ ಬಹುಪಾಲು ಸ್ಥಳೀಯ ಬಣ್ಣದ ಶಿಲೆಗಳವು. ಅನೇಕ ಆಕಾರಗಳು ದ್ವೀಪದ ಮಣ್ಣಿನ ಪಾತ್ರೆಗಳನ್ನು ಅನುಸರಿಸುತ್ತವೆ. ಆ ಕಾಲದ ಕ್ಲೋರೈಟ್ ಭರಣಿಗಳ ಮೇಲಿನ ಗೀರುಚಿತ್ತಾರಗಳಿಗೆ ನೈಲ್ ಕಣಿವೆಗಿಂತ ಉತ್ತರದ ಸೈಕ್ಲೇಡ್ಸ್ ದ್ವೀಪಗಳೇ ಸಮೀಪ. ಅಂದರೆ ಪ್ರಭಾವ ಬಂದದ್ದು ಒಂದೇ ದಿಕ್ಕಿನಿಂದಲ್ಲ.

ತಂತ್ರದ ವಿಷಯವೂ ಹೀಗೆಯೇ. ಟೊಳ್ಳು ಕೊಳವೆಯನ್ನು ಮರಳು ಅಥವಾ ಎಮರಿ ಪುಡಿಯೊಡನೆ ತಿರುಗಿಸಿ ಕಲ್ಲನ್ನು ಕೊರೆದು, ನಡುವೆ ಉಳಿದ ತಿರುಳನ್ನು ಮುರಿದು ತೆಗೆಯುವ ಕ್ರಮ ಎರಡೂ ನಾಡುಗಳಲ್ಲಿ ಇತ್ತು. ಆದರೆ ಕ್ರೀಟಿನ ಕುಶಲಕರ್ಮಿಗಳು ಹೆಚ್ಚಾಗಿ ಬಳಸಿದ್ದು ಬಳಪದ ಕಲ್ಲಿನಂತೆ ಸುಲಭವಾಗಿ ಕೆತ್ತಬಹುದಾದ ಸರ್ಪೆಂಟೈನ್ ಶಿಲೆಯನ್ನು. ಹಕ್ಕಿಗೂಡಿನಂಥ ಬಟ್ಟಲು, ಹೂವಿನ ಎಸಳುಗಳನ್ನು ಕೆತ್ತಿದ ಬಟ್ಟಲು ಅವರದೇ ಆಕಾರಗಳು. ಹಾಗಿಯಾ ಟ್ರಿಯಾಡಾದ 'ಸುಗ್ಗಿಗಾರರ ಪಾತ್ರೆ'ಯ ಮೇಲಿನ ಗಾಯಕನ ಕೈಯಲ್ಲಿ ಈಜಿಪ್ಟ್ ಮೂಲದ ಸಿಸ್ಟ್ರಮ್ ವಾದ್ಯವಿದ್ದರೂ ಅಲ್ಲಿಯ ಮೆರವಣಿಗೆಯ ಉಲ್ಲಾಸ ಕ್ರೀಟಿನದೇ.

ಝಾಕ್ರೋಸ್ ಅರಮನೆಯ ಒಂದು ಪಾತ್ರೆ ಇನ್ನೂ ಸ್ಪಷ್ಟವಾದ ಸಾಕ್ಷಿ. ಈಜಿಪ್ಟಿನಲ್ಲಿ ತಯಾರಾದ ಆ ಪುರಾತನ ಬಟ್ಟಲಿಗೆ ಕ್ರೀಟಿನಲ್ಲಿ ಗಿಂಡಿಗಿರುವಂತೆ ಸೊಂಡಿಲನ್ನೂ ಹಿಡಿಗಳನ್ನೂ ಜೋಡಿಸಿ ಮಿನೋವನ್ ಹೂಜಿಯನ್ನಾಗಿ ಮಾರ್ಪಡಿಸಲಾಗಿದೆ. ಕ್ರಿ.ಪೂ. 1450ರ ಸುಮಾರಿಗೆ ಅರಮನೆ ನಾಶವಾದಾಗ ಆ ಬಟ್ಟಲಿಗೆ ಸಾವಿರಕ್ಕೂ ಹೆಚ್ಚು ವರ್ಷ ವಯಸ್ಸಾಗಿತ್ತು.

ಇದರಿಂದ ಸಂಶೋಧಕರು ಗಮನಿಸಬೇಕಾದ ಅಂಶಗಳು ಎರಡು. ವಸ್ತು ತಯಾರಾದ ಕಾಲವೂ ಅದು ದೊರೆತ ನೆಲಸ್ತರದ ಕಾಲವೂ ಒಂದೇ ಎಂದು ತಿಳಿದರೆ ಸಂಪರ್ಕದ ಇತಿಹಾಸವೇ ತಪ್ಪಾಗುತ್ತದೆ. ಎರಡನೆಯದಾಗಿ, ಪ್ರಭಾವವೆಂದರೆ ಅನುಕರಣೆ ಮಾತ್ರವಲ್ಲ. ಪರದೇಶದ ಪಾತ್ರೆಯನ್ನೇ ತನ್ನ ರುಚಿಗೆ ತಕ್ಕಂತೆ ತಿದ್ದಿಕೊಂಡ ಶಿಲ್ಪಿಯನ್ನು ಕೇವಲ ಶಿಷ್ಯನೆನ್ನುವುದು ಸಾಧುವಲ್ಲ.