ಅಮಿನ್‌ದೀವಿ ಎಂಬ ಹೆಸರು

ಟಿಪ್ಪುವಿನ ಕಾಲದಲ್ಲಿ ಲಕ್ಷದ್ವೀಪ ಮೈಸೂರಿಗೆ ಸೇರಿತ್ತು ಎಂಬ ಮಾತು ನಮ್ಮಲ್ಲಿದೆ. ಅದು ಅರ್ಧ ನಿಜ. 1780ರ ದಶಕದಲ್ಲಿ ಟಿಪ್ಪುವಿನ ಕೈಗೆ ಬಂದದ್ದು ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ಐದು ದ್ವೀಪಗಳು ಮಾತ್ರ. ಕವರತ್ತಿ, ಅಗತ್ತಿ, ಆಂದ್ರೋತ್, ಕಲ್ಪೇನಿ, ಮಿನಿಕಾಯ್ ಕಣ್ಣಾನೂರಿನ ಅರಕ್ಕಲ್ ಮನೆತನದಲ್ಲೇ ಉಳಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಐದು ಕಂಪನಿಗೆ ಹೋದವು. ಮಂಗಳೂರಿನಿಂದ ಅವುಗಳ ಆಡಳಿತ ನಡೆಯಿತು. ದ್ವೀಪದವರು ತೆಂಗಿನ ನಾರು ಕೊಟ್ಟು ಅಕ್ಕಿ ಒಯ್ಯುತ್ತಿದ್ದದ್ದೂ ಇಲ್ಲಿಂದಲೇ. ಅರಕ್ಕಲ್‌ನವರ ದ್ವೀಪಗಳು ಕಾಲಕ್ರಮದಲ್ಲಿ ಮಲಬಾರ್ ಜಿಲ್ಲೆಯ ಪಾಲಾದವು.

ಹಳೆಯ ನಕ್ಷೆಗಳಲ್ಲಿ 'ಅಮಿನ್‌ದೀವಿ', 'ಲಕ್ಕದೀವ್' ಎಂದು ಬೇರೆ ಬೇರೆ ಅಚ್ಚಾಗಿರುವುದು ಈ ಕಾರಣಕ್ಕೆ. ನೋಡಿದರೆ ಭೂಗೋಳದ ಹೆಸರುಗಳಂತೆ ಕಾಣುತ್ತವೆ. ಆದರೆ ಅಮಿನಿಗೂ ಅಗತ್ತಿಗೂ ನಡುವಿನ ಕಡಲಲ್ಲಿ ಅಂಥ ಗಡಿ ಏನೂ ಇಲ್ಲ. ಎರಡು ಕಡೆಯೂ ಆಡುವುದು ಮಲಯಾಳಕ್ಕೆ ಹತ್ತಿರದ ಜೆಸೆರಿ. ಆ ಗೆರೆಯನ್ನು ಎಳೆದದ್ದು ಎರಡು ಕಚೇರಿಗಳ ಕಂದಾಯದ ಲೆಕ್ಕ.

ನಿಜವಾದ ಗಡಿ ಇರುವುದು ಇನ್ನೂ ದಕ್ಷಿಣಕ್ಕೆ. ಕಲ್ಪೇನಿಗೂ ಮಿನಿಕಾಯ್‌ಗೂ ನಡುವೆ ಒಂಬತ್ತು ಡಿಗ್ರಿ ಕಾಲುವೆ ಎಂಬ, ಸುಮಾರು 200 ಕಿ.ಮೀ. ಅಗಲದ ತೆರೆದ ಕಡಲಿದೆ. ಮಿನಿಕಾಯ್‌ಗೆ ಕಲ್ಪೇನಿಗಿಂತ ಮಾಲ್ಡೀವ್ಸ್‌ನ ಉತ್ತರದ ದ್ವೀಪಗಳೇ ಹತ್ತಿರ. ಅಲ್ಲಿನ ಮಹಲ್ ನುಡಿ ಮಾಲ್ಡೀವ್ಸ್‌ನ ದಿವೇಹಿಯದೇ ರೂಪ. ಕಡಲ ತಳಕ್ಕಿಳಿದರೆ ಈ ಕಾಲುವೆಯ ಮಾತೂ ಪೂರ್ತಿ ನಿಲ್ಲುವುದಿಲ್ಲ: ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಮೂರೂ ಒಂದೇ ಮುಳುಗಿದ ಏಣಿನ ಮೇಲೆ ಕೂತಿವೆ.

1956ರ ನವೆಂಬರ್ 1ರಂದು, ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ ದಿನವೇ, ಅದರ ಐದು ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಹೊಸ ಪ್ರದೇಶದ ಹೆಸರು 'ಲಕ್ಕದೀವ್, ಮಿನಿಕಾಯ್ ಮತ್ತು ಅಮಿನ್‌ದೀವಿ ದ್ವೀಪಗಳು'. ಬಾಯಿ ತುಂಬುವ ಹೆಸರು, ನಿಜ. ಆದರೂ ನನಗದು ಪ್ರಾಮಾಣಿಕ ಅನ್ನಿಸುತ್ತದೆ. ಬೇರೆ ಬೇರೆ ಕಡೆಯಿಂದ ತಂದು ಜೋಡಿಸಿದ್ದರ ಹೊಲಿಗೆ ಅದರಲ್ಲಿ ಕಾಣುತ್ತಿತ್ತು. 1973ರಲ್ಲಿ ಎಲ್ಲಕ್ಕೂ ಸೇರಿ 'ಲಕ್ಷದ್ವೀಪ' ಎಂದಾಯಿತು. ಲಕ್ಷವೇನೂ ಇಲ್ಲ, ಜನವಸತಿ ಇರುವುದು ಹತ್ತರಲ್ಲಿ.

ಹಾಗಾಗಿ ಹತ್ತೊಂಬತ್ತನೇ ಶತಮಾನದ ಕಾಗದದಲ್ಲಿ 'ಲಕ್ಕದೀವ್' ಎಂದು ಕಂಡಾಗ ಕೈ ತಡೆಯಬೇಕು. ಕಾಗದ ಮಂಗಳೂರಿನದೋ ಕಣ್ಣಾನೂರಿನದೋ ನೋಡದೆ ಅದನ್ನು 'ಲಕ್ಷದ್ವೀಪ' ಎಂದು ಅನುವಾದಿಸಿದರೆ, ಐದು ದ್ವೀಪಗಳ ಸಂಗತಿ ಹತ್ತರದ್ದಾಗುತ್ತದೆ. ಇನ್ನು ಮಿನಿಕಾಯ್‌ನವರು ತಮ್ಮೂರಿಗೆ ಅನ್ನುವುದು ಮಲಿಕು ಎಂದು. ಆ ಹೆಸರು 1956ರದರಲ್ಲೂ ಇಲ್ಲ, 1973ರದರಲ್ಲೂ ಇಲ್ಲ.