ಬಟ್ಟೆ ಅಂದ್ರೆ ದಾರಿ ಕೂಡ

1/7
ಹಳಗನ್ನಡದಲ್ಲಿ ‘ಬಟ್ಟೆ’ ಅಂದ್ರೆ ದಾರಿ. ದಾರಿಹೋಕನಿಗೆ ‘ಬಟ್ಟೆಗ’ ಅಂತಿದ್ರು. ಈಗ ನಾವು ಮೈಮೇಲೆ ಹಾಕ್ಕೊಳ್ಳೋದೂ ಬಟ್ಟೆನೇ. ಸೆಮಿಸ್ಟರ್ ಮುಗಿದು ಎಲ್ಲರ ಗ್ರೂಪಲ್ಲೂ ಟ್ರಿಪ್ ಮಾತು ನಡೀತಿರೋ ಈ ಟೈಮಲ್ಲಿ ಎರಡು ಅರ್ಥನೂ ಒಟ್ಟಿಗೇ ನೆನಪಾಗುತ್ತೆ.

ಯಾಕಂದ್ರೆ ಜಾಗ ಫಿಕ್ಸ್ ಆಗೋ ಮುಂಚೆನೇ ಹುಡುಗೀರಿಗೆ ಮನೆಯಲ್ಲಿ ಒಂದು ಪ್ರಶ್ನೆ ಬರುತ್ತೆ: “ಏನು ಹಾಕ್ಕೊಂಡು ಹೋಗ್ತೀಯಮ್ಮ?” ಉತ್ತರ ಸರಿ ಕಾಣಲಿಲ್ಲ ಅಂದ್ರೆ ಟ್ರಿಪ್ಪೇ ಇಲ್ಲ. ಹುಡುಗರು ಬರ್ಮುಡಾ ಹಾಕ್ಕೊಂಡು ಬಸ್ ಹತ್ತಿದ್ರೂ ಯಾರೂ ಕೇಳಲ್ಲ. ಒಂದು ಕಡೆ “ಇದು ನಮ್ಮ ಸಂಸ್ಕೃತಿ ಅಲ್ಲ” ಅನ್ನೋರು, ಇನ್ನೊಂದು ಕಡೆ “ನನ್ನ ಬಟ್ಟೆ ನನ್ನಿಷ್ಟ” ಅನ್ನೋರು. ನಮ್ಮ ನೆಲದ ಇತಿಹಾಸ ಏನು ಹೇಳುತ್ತೆ ಅಂತ ನೋಡೋಣ ಬನ್ನಿ.

2/7
1442. ಹೆರಾತಿನ ದೊರೆ ಶಾರುಖ್ ಕಳಿಸಿದ ರಾಯಭಾರಿ ಅಬ್ದುರ್ ರಝಾಕ್ ಹಡಗಲ್ಲಿ ಕಲ್ಲಿಕೋಟೆಗೆ ಬಂದಿಳಿದ. ಅಲ್ಲಿ ರಾಜನಿಂದ ಭಿಕ್ಷುಕನವರೆಗೆ ಎಲ್ಲರೂ ಸೊಂಟಕ್ಕೆ ಮಾತ್ರ ಬಟ್ಟೆ ಸುತ್ತಿರೋದು ನೋಡಿ ಅವನಿಗೆ ಆಶ್ಚರ್ಯ. ಅಂಗಿ ಇಲ್ಲದೇ ಇರೋದು ಆ ಕರಾವಳಿಯಲ್ಲಿ ಅಮರ್ಯಾದೆ ಆಗಿರಲಿಲ್ಲ. ಅಲ್ಲಿನ ಸೆಖೆಗೆ ಅದೇ ಸರಿಯಾದ ಉಡುಪು.

ಅಲ್ಲಿಂದ ಮಂಗಳೂರು ಹಾದು ವಿಜಯನಗರಕ್ಕೆ ಬಂದ. ಅಲ್ಲಿ ಇಮ್ಮಡಿ ದೇವರಾಯ ಅವನಿಗೆ ದರ್ಶನ ಕೊಟ್ಟಾಗ ತೊಟ್ಟಿದ್ದು ‘ಜೈತೂನಿ’ ಸ್ಯಾಟಿನ್ ಅಂಗಿ, ಕೊರಳಲ್ಲಿ ಮುತ್ತಿನ ಹಾರ. ಜೈತೂನ್ ಅನ್ನೋದು ಚೀನಾದ ಒಂದು ಬಂದರಿಗೆ ಅರಬ್ ವ್ಯಾಪಾರಿಗಳು ಇಟ್ಟ ಹೆಸರು. ಅಂದ್ರೆ ಚೀನಾದ ಹೆಸರಿನ ಬಟ್ಟೆ, ಕನ್ನಡ ನೆಲದ ರಾಜ, ಎದುರಿಗೆ ಹೆರಾತಿನ ಅತಿಥಿ!

(ನಮ್ಮ ಟೇಕಲ್ ಶಾಸನಗಳಲ್ಲಿ ಹೆಸರಿರೋ ಸಾಳುವ ಗೋಪರಾಜ ಇದೇ ದೇವರಾಯನ ಕಾಲದವನು. ಹಾಗಾಗಿ ಇದು ಎಲ್ಲೋ ದೂರದ ಕತೆ ಅಂದ್ಕೋಬೇಡಿ.)

3/7
ವಿಜಯನಗರದ ದರ್ಬಾರಿನ ಡ್ರೆಸ್ ಎರಡು ಭಾಗದ್ದು. ಮೈಗೆ ‘ಕಬಾಯಿ’, ಅಂದ್ರೆ ಉದ್ದ ತೋಳಿನ ನಿಲುವಂಗಿ. ತಲೆಗೆ ‘ಕುಲ್ಲಾಯಿ’, ಅಂದ್ರೆ ಎತ್ತರದ ಟೋಪಿ. ಕಬಾಯಿ ಅರಬ್ಬಿಯ ‘ಕಬಾ’ದಿಂದ ಬಂದಿದ್ದು, ಕುಲ್ಲಾಯಿ ಪಾರ್ಸಿಯ ‘ಕುಲಾಹ್’ನಿಂದ. ನಮ್ಮ ಮನೆಗಳಲ್ಲಿ ಮಗುಗೆ ಹಾಕೋ ಕುಲಾವಿ ಇದೆಯಲ್ಲ, ಅದೂ ಇದೇ ಪದ! ಅಜ್ಜಿ ಹೊಲಿದು ಕೊಡೋ ಕುಲಾವಿ ಪರ್ಷಿಯಾದಿಂದ ನಡ್ಕೊಂಡು ಬಂದಿದೆ ಅಂತ ಯಾರಾದ್ರೂ ಅಂದ್ಕೊಂಡಿದ್ರಾ?

ಯಾಕೆ ಹೀಗೆ ಹಾಕ್ಕೊಂಡ್ರು? ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರಲ್ಲಿ ಇದರ ಬಗ್ಗೆನೇ ಒಂದು ಲೇಖನ ಬರೆದ್ರು. ಅದರ ಸಾರ ಇಷ್ಟು: ಯಾರೂ ಬಲವಂತ ಮಾಡಿರಲಿಲ್ಲ. ಆಗಿನ ದೊಡ್ಡ ಜಗತ್ತಿನಲ್ಲಿ ಮೈ ಮುಚ್ಚೋ ನಿಲುವಂಗಿನೇ ಗೌರವದ ಉಡುಪು. ಆ ಜಗತ್ತಿನ ಜೊತೆ ಸಮಾನವಾಗಿ ಕೂರೋಕೆ ರಾಯರು ಅದನ್ನ ತಾವಾಗೇ ತಮ್ಮದು ಮಾಡ್ಕೊಂಡ್ರು. ಬಿಕಾಂನವರಿಗೆ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ಕುದುರೆ ಬರ್ತಿದ್ದಿದ್ದು ಅರೇಬಿಯಾ, ಪರ್ಷಿಯಾ ಕಡೆಯಿಂದ. ಸೈನ್ಯ ನಿಂತಿದ್ದೇ ಕುದುರೆ ಮೇಲೆ. ನಾವು ಇಂಟರ್‌ವ್ಯೂಗೆ ಫಾರ್ಮಲ್ಸ್ ಹಾಕ್ತೀವಲ್ಲ, ಹಾಗೆ.

4/7
ಈಗ ಮಜಾ ನೋಡಿ. ತಿರುಮಲದಲ್ಲಿ ಕೃಷ್ಣದೇವರಾಯ ತನ್ನಿಬ್ಬರು ರಾಣಿಯರ ಜೊತೆ ಕೈಮುಗಿದು ನಿಂತಿರೋ ಲೋಹದ ಮೂರ್ತಿ ಇದೆ. ಮುಳಬಾಗಿಲು ಮೇಲೆ ತಿರುಪತಿಗೆ ಹೋಗೋ ನಮ್ಮ ಜಿಲ್ಲೆಯವರು ಎಷ್ಟೋ ಜನ ಅದನ್ನ ನೋಡಿರ್ತೀರ. ತಲೆ ಮೇಲೆ ಎತ್ತರದ ಟೋಪಿ ಇದೆ, ಆದ್ರೆ ಮೈಮೇಲೆ ಕಬಾಯಿ ಇಲ್ಲ. ಪಂಚೆ, ಬರೀ ಎದೆ.

ದರ್ಬಾರಿನಲ್ಲಿ ಮೈ ಮುಚ್ಚೋದು ಮರ್ಯಾದೆ, ದೇವರ ಮುಂದೆ ಅಂಗಿ ತೆಗೆಯೋದು ಮರ್ಯಾದೆ. ಒಬ್ಬನೇ ಮನುಷ್ಯ, ಎರಡು ಜಾಗ, ಎರಡು ಉತ್ತರ.

5/7
1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇದನ್ನ ಇನ್ನೊಂದು ಕಡೆಯಿಂದ ತೋರಿಸ್ತಾನೆ. ಅವನ ತಂಡ ರಾಯನನ್ನ ನೋಡೋಕೆ ಹೋಗಿದ್ದು ತಮ್ಮ ಊರಿನ ರೀತಿಯಲ್ಲೇ, ಚೆನ್ನಾಗಿ ಅಲಂಕಾರ ಮಾಡ್ಕೊಂಡು. ರಾಯ ತೊಟ್ಟಿದ್ದು ಚಿನ್ನದ ಗುಲಾಬಿ ಕಸೂತಿಯ ಬಿಳಿ ಬಟ್ಟೆ, ಜರತಾರಿ ಟೋಪಿ. ಆದ್ರೆ ಕಾಲಲ್ಲಿ ಏನೂ ಇಲ್ಲ! ಅವನ ಮುಂದೆ ಯಾರೂ ಪಾದರಕ್ಷೆ ಹಾಕ್ಕೊಂಡು ಬರೋ ಹಾಗಿರಲಿಲ್ಲ.

ಹೊರಡುವಾಗ ರಾಯ ಅವರ ನಾಯಕ ಫಿಗೆರೆದೊಗೆ ಜರತಾರಿ ಕಬಾಯಿ ಮತ್ತೆ ತನ್ನದೇ ಥರದ ಟೋಪಿ ಕೊಟ್ಟ, ಉಳಿದವರಿಗೆ ಕಸೂತಿ ಬಟ್ಟೆ. ಸ್ನೇಹದ ಗುರುತು ಅಂತ ಕೊಡೋ ಪದ್ಧತಿ ಅದು. ‘ನಿನ್ನ ಬಟ್ಟೆ ಕಳಚು’ ಅನ್ನಲಿಲ್ಲ, ‘ನಮ್ಮದನ್ನೂ ತಗೋ’ ಅಂದ ಹಾಗಿತ್ತು.

ಆ ಎತ್ತರದ ಟೋಪಿಗಳನ್ನ ಬಣ್ಣದಲ್ಲಿ ನೋಡಬೇಕಾ? ಲೇಪಾಕ್ಷಿಗೆ ಹೋಗಿ, ಮಂಟಪದ ಚಾವಣಿ ನೋಡಿ. ಹೆಂಗಸರ ಸೀರೆಗಳಲ್ಲಿ ಎಷ್ಟು ಥರ ಡಿಸೈನ್ ಅಂದ್ರೆ ಕತ್ತು ನೋವು ಬರೋವರೆಗೂ ನೋಡ್ತೀರ.

6/7
ಕೊನೇ ಪ್ರಯಾಣಿಕ, ರೋಮ್‌ನ ಪಿಯೆತ್ರೊ ದೆಲ್ಲಾ ವಾಲೆ. ಆ ಕಾಲದ ಬ್ಯಾಕ್‌ಪ್ಯಾಕರ್ ಅನ್ನಿ. ತುರ್ಕಿ, ಸಿರಿಯಾ, ಪರ್ಷಿಯಾ ಅಂತ ವರ್ಷಗಟ್ಟಲೆ ಸುತ್ತಿದ. ಹೋದ ಕಡೆ ಅಲ್ಲಿನ ಉಡುಪು ತೊಟ್ಟ, ಅಲ್ಲಿನ ಭಾಷೆ ಕಲಿತ. 1623ರಲ್ಲಿ ಗೋವಾದಿಂದ ಹೊನ್ನಾವರ, ಗೇರುಸೊಪ್ಪೆ ದಾರಿಯಲ್ಲಿ ಘಟ್ಟ ಹತ್ತಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನ ನೋಡಿದ. ಆಮೇಲೆ ಕರಾವಳಿಗೆ ಇಳಿದು ಉಳ್ಳಾಲದ ರಾಣಿ ಅಬ್ಬಕ್ಕನನ್ನ ಕಂಡ.

ರಾಣಿ ಅಂದ್ರೆ ಹೇಗಿರ್ತಾಳೆ ಅಂತ ಅವನ ತಲೆಯಲ್ಲಿ ಒಂದು ಚಿತ್ರ ಇತ್ತು. ಬಂದವಳು ಬರಿಗಾಲಲ್ಲಿ ನಡ್ಕೊಂಡು ಬಂದಳು. ಸೊಂಟಕ್ಕೆ ಸಾದಾ ಹತ್ತಿ ಬಟ್ಟೆ, ತಲೆಯಿಂದ ಹೆಗಲಿಗೆ ಇಳಿದ ಇನ್ನೊಂದು ಬಟ್ಟೆ, ಮೇಲೆ ಓಲೆಗರಿ ಕೊಡೆ. ಅಡುಗೆ ಕೆಲಸದವಳ ಹಾಗೆ ಕಂಡಳು ಅಂತ ಬರ್ಕೊಂಡ. ಪೋರ್ಚುಗೀಸರನ್ನ ಸೋಲಿಸಿದವಳು ಇವಳೇನಾ ಅಂತ ಅಚ್ಚರಿಪಟ್ಟ. ಆದ್ರೆ ಅವಳು ಮಾತು ಶುರು ಮಾಡಿದ ಮೇಲೆ ಅವನ ಅಭಿಪ್ರಾಯ ಬದಲಾಯ್ತು. ಅವಳ ಮಾತಲ್ಲಿ ವಿವೇಕ ಇದೆ, ರಾಣಿತನ ಇದೆ ಅಂತ ಅವನೇ ಒಪ್ಕೊಂಡ.

ಊರೂರಿನ ಉಡುಪು ತೊಟ್ಟು ಅಭ್ಯಾಸ ಇದ್ದವನೂ ಬಟ್ಟೆ ನೋಡಿ ಹೆಣ್ಣನ್ನ ಅಳೆದ. ನಾಲ್ಕು ನೂರು ವರ್ಷ ಆದ ಮೇಲೂ ನಾವು ಅದನ್ನೇ ಮಾಡ್ತಿದ್ದೀವಿ. ಅವನು ಮಾತು ಕೇಳಿ ತಿದ್ದಿಕೊಂಡ. ನಮ್ಮಲ್ಲಿ ಮಾತು ಕೇಳೋವರೆಗೂ ಎಷ್ಟು ಜನ ಕಾಯ್ತಾರೆ?

7/7
ಹಾಗಾದ್ರೆ ಬ್ಯಾಗಲ್ಲಿ ಏನು ಇಟ್ಕೋಬೇಕು? ನಾನು ಕಲಿತಿದ್ದು ಇಷ್ಟು:

• “ನಮ್ಮ ಉಡುಪು ಮೊದಲಿಂದ ಹೀಗೇ ಇತ್ತು” ಅನ್ನೋ ವಾದ ನಿಲ್ಲಲ್ಲ. ರಾಯರೇ ಪರ್ಷಿಯಾದ ಟೋಪಿ ಹಾಕಿದ್ರು.
• “ಎಲ್ಲಿ ಹೋದ್ರೂ ನನ್ನಿಷ್ಟ” ಅನ್ನೋದೂ ಪೂರ್ತಿ ಸರಿ ಅಲ್ಲ. ಅಷ್ಟು ದೊಡ್ಡ ರಾಯನೂ ದೇವರ ಮುಂದೆ ಕಬಾಯಿ ತೆಗೆದ. ಇನ್ನೊಬ್ಬರ ಜಾಗಕ್ಕೆ ಹೋದಾಗ ಅವರ ಮರ್ಯಾದೆ ಯಾವುದು ಅಂತ ಕೇಳಿ ತಿಳ್ಕೊಳ್ಳೋದರಲ್ಲಿ ಸೋಲು ಇಲ್ಲ.
• ಆ ಮರ್ಯಾದೆ ಹುಡುಗ ಹುಡುಗಿ ಇಬ್ಬರಿಗೂ ಒಂದೇ. ಬರ್ಮುಡಾನೂ ಲೆಕ್ಕಕ್ಕೆ ಬರುತ್ತೆ ಗುರು.
• ಒಂದು ಹತ್ತಿ ಪಂಚೆ ಅಥವಾ ದೊಡ್ಡ ದುಪಟ್ಟಾ ಸಾಕು. ದೇವಸ್ಥಾನದಲ್ಲಿ ಸೊಂಟಕ್ಕೆ, ದರ್ಗಾದಲ್ಲಿ ತಲೆಗೆ, ಬಿಸಿಲಲ್ಲಿ ಹೆಗಲಿಗೆ, ರಾತ್ರಿ ಟ್ರೈನಲ್ಲಿ ಹೊದಿಕೆಗೆ. ಹೇಗೆ ಸುತ್ತೋದು, ಯಾವ ಬಣ್ಣ ಅನ್ನೋದು ನಿಮ್ಮ ಕಲೆ.

ಮನೆಯಲ್ಲಿ “ಏನು ಹಾಕ್ಕೊಂಡು ಹೋಗ್ತೀಯ?” ಅಂದ್ರೆ ಜಗಳ ಬೇಡ. ಅಮ್ಮನಿಗೆ ಕುಲಾವಿ ಕತೆ ಹೇಳಿ, ಬ್ಯಾಗಲ್ಲಿರೋ ಪಂಚೆ ತೋರಿಸಿ, ಆಮೇಲೆ ಬಸ್ ಟೈಮ್ ಹೇಳಿ. ಟ್ರಿಪ್ ಕ್ಯಾನ್ಸಲ್ ಆಗ್ತಿರೋ ಗೆಳತಿ ಇದ್ರೆ ಇದನ್ನ ಅವಳಿಗೆ ಕಳಿಸಿ.

#ಟೇಕಲ್ #ಕೋಲಾರ #ಇತಿಹಾಸ #ಬಟ್ಟೆಗ