ಲಂಚದ ಆರೋಪ, ಅಮಾನತು ಮತ್ತು ನ್ಯಾಯಾಧೀಶರ ಕಾನೂನು ಹೋರಾಟ

ಸುರಪುರ, ಶಹಾಪುರ, ಯಾದಗಿರಿಯ ನ್ಯಾಯಾಲಯಗಳಿಗೆ ಹೈಕೋರ್ಟಿನ ಬಾಗಿಲು ಮೂರು ಊರುಗಳಲ್ಲಿ ತೆರೆದಿದೆ. ನಿಜಾಮರ ಕಾಲದಲ್ಲಿ ಅದು ಹೈದರಾಬಾದಿನಲ್ಲಿತ್ತು. 1956ರ ನವೆಂಬರ್ 1ರಂದು ಈ ತಾಲ್ಲೂಕುಗಳಿದ್ದ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಸುಮಾರು 500 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಯಿತು. 2008ರಲ್ಲಿ ಸಂಚಾರಿ ಪೀಠವಾಗಿ ಕಲಬುರಗಿಗೆ ಬಂದು, 2013ರಲ್ಲಿ ಕಾಯಂ ಆಯಿತು.

ಈ ತಾಲ್ಲೂಕುಗಳ ನ್ಯಾಯಾಧೀಶರೊಬ್ಬರ ಮೇಲೆ ಲಂಚದ ಆರೋಪ ಬಂದರೆ ಅಮಾನತು ಮಾಡುವುದು ಹೈಕೋರ್ಟಿನ ಆಡಳಿತ ವಿಭಾಗ. ಅದನ್ನು ಪ್ರಶ್ನಿಸಿ 226ನೇ ವಿಧಿಯಡಿ ಸಲ್ಲಿಸುವ ರಿಟ್ ಅರ್ಜಿಯನ್ನು ಆಲಿಸುವುದೂ ಅದೇ ಹೈಕೋರ್ಟ್. ಇಂಥ ದಾವೆಗಳ ಹಿಂದೆ ಈ ಇಕ್ಕಟ್ಟೂ ಇದೆ.

ಶಿಸ್ತುಕ್ರಮದ ಅಧಿಕಾರ ಯಾರದೆಂಬ ಪ್ರಶ್ನೆ ಮೊದಲು ಇತ್ಯರ್ಥವಾದದ್ದು ಬಂಗಾಳದ ಪ್ರಕರಣದಲ್ಲಿ. ನಿವೃತ್ತಿಯ ಹೊಸ್ತಿಲಲ್ಲಿದ್ದ ನ್ಯಾಯಾಧೀಶ ನೃಪೇಂದ್ರನಾಥ ಬಾಗ್ಚಿ ಅವರ ಸೇವಾವಧಿಯನ್ನು ಪಶ್ಚಿಮ ಬಂಗಾಳ ಸರ್ಕಾರ 1953ರಲ್ಲಿ ವಿಸ್ತರಿಸಿತು. ಬಳಿಕ ಅಮಾನತು ಮಾಡಿ, ತಾನೇ ವಿಚಾರಣೆ ನಡೆಸಿ ವಜಾಗೊಳಿಸಿತು. 1965ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ವಾದವನ್ನು ಒಪ್ಪಲಿಲ್ಲ. ಸಂವಿಧಾನದ 235ನೇ ವಿಧಿ ಹೈಕೋರ್ಟಿಗೆ ಕೊಟ್ಟಿರುವ ನಿಯಂತ್ರಣದಲ್ಲಿ ಶಿಸ್ತುಕ್ರಮವೂ ಅಡಗಿದೆ ಎಂದಿತು. 1974ರ ಶಂಶೇರ್ ಸಿಂಗ್ ಪ್ರಕರಣದಲ್ಲಿ, ನ್ಯಾಯಾಧೀಶರ ತನಿಖೆಯನ್ನು ಸರ್ಕಾರದ ವಿಚಕ್ಷಣಾ ದಳಕ್ಕೆ ಒಪ್ಪಿಸಿದ್ದಕ್ಕೆ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟನ್ನೇ ಟೀಕಿಸಿತು.

ಕನ್ನಡಿಗರಿಗೆ ಹೆಚ್ಚು ನೆನಪಿರುವುದು ಬಳ್ಳಾರಿಯ ನಂಟಿನ ಪ್ರಕರಣ. ಓಬಳಾಪುರಂ ಗಣಿಗಾರಿಕೆ ಮೊಕದ್ದಮೆಯಲ್ಲಿ ಜಿ. ಜನಾರ್ದನ ರೆಡ್ಡಿ ಅವರಿಗೆ 2012ರ ಮೇ 11ರಂದು ಹೈದರಾಬಾದಿನ ಸಿಬಿಐ ನ್ಯಾಯಾಲಯದಲ್ಲಿ ಜಾಮೀನು ಸಿಕ್ಕಿತು. ಅದಕ್ಕಾಗಿ ಹಣ ಕೈಬದಲಾಯಿತೆಂಬ ಆರೋಪದ ಮೇಲೆ ಮೇ 31ರಂದು ಆಂಧ್ರ ಹೈಕೋರ್ಟ್ ನ್ಯಾಯಾಧೀಶ ಟಿ. ಪಟ್ಟಾಭಿರಾಮ ರಾವ್ ಅವರನ್ನು ಅಮಾನತು ಮಾಡಿತು. ಮರುತಿಂಗಳು ಭ್ರಷ್ಟಾಚಾರ ನಿಗ್ರಹ ದಳ ಅವರನ್ನು ಬಂಧಿಸಿತು.

ಹಾಗೆಂದು ತಪ್ಪು ಜಾಮೀನು ಆದೇಶವೆಲ್ಲ ಲಂಚದ ಫಲವಲ್ಲ. ಈ ಗೆರೆ ಎಲ್ಲಿ ಎಳೆಯಬೇಕೆಂಬುದೇ ಇಂಥ ದಾವೆಗಳ ತಿರುಳು. 2016ರಲ್ಲಿ ಗುಜರಾತಿನ ನ್ಯಾಯಾಧೀಶ ಆರ್.ಆರ್. ಪಾರೇಖ್ ತಮ್ಮ ವಜಾವನ್ನು ಪ್ರಶ್ನಿಸಿ ಸೋತರು. ಕಾನೂನು ಹೇಳಿದ ಕನಿಷ್ಠಕ್ಕಿಂತ ಕಡಿಮೆ ಶಿಕ್ಷೆ ಕೊಟ್ಟು, ಅದಕ್ಕೆ ಕಾರಣವನ್ನೂ ಬರೆಯದಿದ್ದಾಗ, ಹಣ ಪಡೆದದ್ದಕ್ಕೆ ನೇರ ಸಾಕ್ಷಿ ಇಲ್ಲದಿದ್ದರೂ ದುರುದ್ದೇಶವನ್ನು ಊಹಿಸಬಹುದು ಎಂದಿತು ಸುಪ್ರೀಂ ಕೋರ್ಟ್. 2019ರಲ್ಲಿ ಬಿಹಾರದ ನ್ಯಾಯಾಧೀಶ ಕೃಷ್ಣ ಪ್ರಸಾದ್ ವರ್ಮಾ ಗೆದ್ದರು. ಅವರ ಆದೇಶ ತಪ್ಪಿರಬಹುದು, ಆದರೆ ಹಣದ ಅಥವಾ ಬೇರೆ ಆಮಿಷದ ಆರೋಪವೇ ಅಲ್ಲಿರಲಿಲ್ಲ.

ಅಮಾನತಿನ ಅವಧಿಯ ಪ್ರಶ್ನೆಗೆ ಕರ್ನಾಟಕದ್ದೇ ಒಂದು ಪ್ರಕರಣ ದಾರಿ ತೋರಿತು. ಕೋಲಾರದ ಚಿನ್ನದ ಗಣಿಯ ಭದ್ರತಾ ಅಧಿಕಾರಿಯೊಬ್ಬರು 1985ರಲ್ಲಿ ಅಮಾನತಾದರು. ಜೀವನಾಧಾರ ಭತ್ಯೆ ಸಿಗದೆ ವಿಚಾರಣೆಗೆ ಹಾಜರಾಗಲಾಗಲಿಲ್ಲ. ಏಕಪಕ್ಷೀಯ ವಿಚಾರಣೆಯಲ್ಲಿ ಕೆಲಸ ಹೋಯಿತು. ಅವರಿಗೆ ಸುಪ್ರೀಂ ಕೋರ್ಟಿನಲ್ಲಿ ಜಯ ಸಿಕ್ಕಿದ್ದು 1999ರಲ್ಲಿ. ಅಮಾನತಾದ ನೌಕರನೂ ಬದುಕಬೇಕೆಂಬ ಆ ತತ್ವ ನ್ಯಾಯಾಂಗ ಅಧಿಕಾರಿಗೂ ಆಸರೆಯಾಗಬಲ್ಲದು. ಮುಂದೆ 2015ರ ಅಜಯ್ ಕುಮಾರ್ ಚೌಧರಿ ತೀರ್ಪು, ಮೂರು ತಿಂಗಳೊಳಗೆ ದೋಷಾರೋಪ ಪಟ್ಟಿ ಕೊಡದೆ ಸರ್ಕಾರಿ ನೌಕರನ ಅಮಾನತನ್ನು ಮುಂದುವರಿಸಬಾರದೆಂದಿತು.

ವರ್ಷಗಟ್ಟಲೆ ಎಳೆಯುವ ವಿಚಾರಣೆಯಿಂದ ಪ್ರಾಮಾಣಿಕ ನ್ಯಾಯಾಧೀಶನ ಹೆಸರು ಕೆಡುತ್ತದೆ, ಭ್ರಷ್ಟನಿಗೆ ಕಾಲಾವಕಾಶ ಸಿಗುತ್ತದೆ. ಸುರಪುರದ ಕೋರ್ಟಿಗೆ ಜಮೀನಿನ ಕಾಗದ ಹಿಡಿದು ಬರುವ ರೈತನಿಗೆ ಇವೆರಡೂ ನಷ್ಟವೇ. ಆದ್ದರಿಂದ ಆರೋಪ ಬಂದ ಕೂಡಲೇ ದೋಷಾರೋಪ ಪಟ್ಟಿ ಕೊಟ್ಟು, ಗಡುವಿನೊಳಗೆ ವಿಚಾರಣೆ ಮುಗಿಸುವ ಕಟ್ಟುನಿಟ್ಟಿನ ನಿಯಮವನ್ನು ಹೈಕೋರ್ಟುಗಳು ತಮಗೆ ತಾವೇ ಹಾಕಿಕೊಳ್ಳಬೇಕು.